ಅಣ್ಣನ ಆಂಪಿಗೊಂದು ಜೊತೆ ಸ್ಪೀಕರು

ಆ ವಾರ ಅವನು ಕೈ ಸುಟ್ಟುಕೊಂಡಿದ್ದು ಮೂರು ಸಲ. ಇಪ್ಪತ್ತು ವರ್ಷಕ್ಕೂ ಮೇಲೆ ಸೋಲ್ಡರಿಂಗ್ ಐರನ್ ಹಿಡಿದ ಕೈ! ಮೂರನೆಯ ಸಲ ಸುಟ್ಟದ್ದು ಗೊತ್ತಾದದ್ದೇ ವಾಸನೆಯಿಂದ. ಉರಿ ಆಮೇಲೆ ಬಂತು, ಅದೂ ಬೇರೆ ಯಾರದೋ ಬೆರಳಿಗೆ ಬಂದ ಹಾಗೆ. ಅವನು ಬೆರಳನ್ನೊಮ್ಮೆ ನೋಡಿದ, ಪ್ಯಾಂಟಿಗೆ ಒರೆಸಿಕೊಂಡ, ಕೆಲಸ ಮುಂದುವರಿಸಿದ. ಅಣ್ಣ ಸತ್ತು ಎರಡು ತಿಂಗಳಾಗಿತ್ತು. ಅವನಿಗೆ ಇನ್ನೂ ಅಳು ಬಂದಿರಲಿಲ್ಲ.

ನೆಂಟರು ಆಡಿಕೊಳ್ಳುವುದನ್ನು ಬಿಡುತ್ತಾರೆಯೇ? ಒಡಹುಟ್ಟಿದವನು ಹೋದರೂ ತಮ್ಮನ ಕಣ್ಣಲ್ಲಿ ಒಂದು ಹನಿ ನೀರಿಲ್ಲ ಎಂದರು. ಕಲ್ಲು ಎಂದರು. ಅವರಿಗೇನು ಗೊತ್ತು! ಅವನೋ ದಿನಾ ರಾತ್ರಿ ಊಟದ ತಟ್ಟೆ ಮುಂದೆ ಕೂತು, ಉಪ್ಪಿದೆಯೋ ಇಲ್ಲವೋ ತಿಳಿಯದೆ, ಹೆಂಡತಿಯ ಮುಖ ನೋಡಿ "ಚೆನ್ನಾಗಿದೆ" ಎನ್ನುತ್ತಿದ್ದ.

ಗಿಟಾರು, ಕೀಬೋರ್ಡುಗಳ ಆಂಪ್ಲಿಫೈಯರ್ ರಿಪೇರಿ ಅವನ ಕಸುಬು. ಎರಡು ಅಂಗಡಿಗಳ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ, ಒಂದು ಮೇಜು, ಗೋಡೆ ತುಂಬ ಡಬ್ಬಿಗಳು. ಗಿರಾಕಿಗಳು ಅವನನ್ನು "ಮೇಷ್ಟ್ರೇ" ಎಂದು ಕರೆಯುತ್ತಿದ್ದರು. ಪಾಠ ಹೇಳಿದವನೇನಲ್ಲ, ಬಂದವರನ್ನು ಬೈಯದೆ ಕಳಿಸಿದ್ದೇ ಇಲ್ಲ, ಅಷ್ಟೇ. "ಇದನ್ನ ಯಾವನಯ್ಯಾ ಮುಟ್ಟಿದ್ದು? ಕೈಯಲ್ಲಿ ಮಾಡಿದ್ನೋ ಕಾಲಲ್ಲಿ ಮಾಡಿದ್ನೋ?" ಅವನ ಅಂಗಡಿಯ ಮೊದಲ ಮಾತೇ ಇದು.

ಇಂಥವನ ಅಂಗಡಿಗೆ ಸ್ವಂತ ಅಣ್ಣ ಹದಿನೆಂಟು ವರ್ಷದಲ್ಲಿ ಒಂದು ಸಲವೂ ತನ್ನ ಆಂಪ್ ತರಲಿಲ್ಲ. ಅಣ್ಣ ಗಿಟಾರ್ ನುಡಿಸುತ್ತಿದ್ದವನು, ಮೂರು ಜನ ಗೆಳೆಯರ ಜೊತೆ ಮದುವೆ, ಹೋಟೆಲು, ಕ್ಲಬ್ಬು ಎಂದು ತಿರುಗಿದವನು. ಅವನ ಆಂಪಿಗೆ ವಾಲ್ವ್ ಹೋದರೆ, ಫ್ಯೂಸ್ ಹೋದರೆ, ತಮ್ಮನ ಅಂಗಡಿಯ ಮುಂದಿನಿಂದಲೇ ಹೊತ್ತುಕೊಂಡು ಹೋಗಿ ಸೇತುವೆಯ ಆಚೆಯ ರಿಪೇರಿಯವನಿಗೆ ಕೊಡುತ್ತಿದ್ದ. ತಮ್ಮ ಇದನ್ನು ಬಾಯಿಬಿಟ್ಟು ಕೇಳಲಿಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡು ಬೇರೆ ದಾರಿಯಲ್ಲಿ ತೀರಿಸಿಕೊಂಡ. ಅಣ್ಣ ನುಡಿಸಿ ಇಳಿದಾಗಲೆಲ್ಲ, "ಏನಣ್ಣ, ನಿನ್ನ ಆಂಪಿಗೆ ಶೀತ ಹಿಡಿದಿದ್ಯಾ? ಮೂಗಲ್ಲೇ ಮಾತಾಡ್ತಿದೆ. ಬೇಸ್ ಗುಂಡಿ ಪೂರ್ತಿ ಹತ್ತಕ್ಕೆ ತಿರುಗಿಸ್ಕೊಂಡು ಯಾರಾದ್ರೂ ನುಡಿಸ್ತಾರಾ?" ಎಂದು ಎಲ್ಲರೆದುರು ಚುಚ್ಚುತ್ತಿದ್ದ. ಅಣ್ಣ ನಗುತ್ತಿದ್ದ. "ಇರ್ಲಿ ಬಿಡೋ ಪುಟ್ಟ," ಎನ್ನುತ್ತಿದ್ದ. ನಲವತ್ತು ದಾಟಿದ ತಮ್ಮನನ್ನು ಪುಟ್ಟ ಎನ್ನುತ್ತಿದ್ದವನು ಅವನೊಬ್ಬನೇ.

ಆ ಆಂಪ್ ಈಗ ಮೇಜಿನ ಮೇಲೆ ಕೂತಿತ್ತು. ಅಣ್ಣನ ಕಾಯಿಲೆಯ ಎರಡು ವರ್ಷವೂ ಅವನ ಮನೆಯ ಹಿಂಬದಿಯ ಕೋಣೆಯಲ್ಲಿ ಬಿದ್ದಿದ್ದು, ತಂಡಿ ಹಿಡಿದು, ಒಳಗಿನ ಎರಡೂ ಸ್ಪೀಕರುಗಳ ಬಟ್ಟಲಿನಂಥ ಕಾಗದ ಇಲಿಯ ಪಾಲಾಗಿತ್ತು. ಸೋಮವಾರ ಅತ್ತಿಗೆಯೂ ಅಣ್ಣನ ಮಗಳೂ ಆಟೋದಲ್ಲಿ ತಂದು ಇಳಿಸಿದ್ದರು. ಭಾನುವಾರ ಅಣ್ಣನ ಗೆಳೆಯರು ಅವನ ನೆನಪಿಗೆ ಒಂದು ಸಂಜೆ ನುಡಿಸುವವರಿದ್ದರು. ಅಣ್ಣನ ಜಾಗದಲ್ಲಿ ಮಗಳು.

"ಚಿಕ್ಕಪ್ಪ, ಅಪ್ಪನ ಸೌಂಡೇ ಬೇಕು," ಎಂದಿದ್ದಳು ಹುಡುಗಿ. "ಬರ್ದಿದ್ರೆ ನಾನು ನುಡಿಸಲ್ಲ. ಬೇರೆ ಸೌಂಡಲ್ಲಿ ಅವರ ಕುರ್ಚೀಲಿ ಕೂರೋಕೆ ನನ್ನಿಂದ ಆಗಲ್ಲ."

"ಬರುತ್ತೆ," ಎಂದಿದ್ದ ಅವನು. ಈ ಪೆಟ್ಟಿಗೆಗೆ ಸ್ಪೀಕರು ಕೂಡಿಸಿದವನೇ ಅವನು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಬೆಸುಗೆ ಹಾಕುವುದನ್ನು ಕಲಿತು ಹದಿನೈದು ದಿನವೂ ಆಗದಿದ್ದಾಗ, ಅಣ್ಣ ಎಲ್ಲಿಂದಲೋ ತಂದ ಹಳೆಯ ಆಂಪಿಗೆ ಎರಡು ಸ್ಪೀಕರು ಹಾಕಿಕೊಟ್ಟಿದ್ದ. ಅದೇ ಅವನ ಮೊದಲ ಕೆಲಸ. ಹಾಗಾಗಿ ಹಳೆಯವನ್ನು ಬಿಚ್ಚುವಾಗ ಯಾವ ತಂತಿ ಎಲ್ಲಿಗೆ ಎಂದು ಗುರುತು ಹಾಕಲಿಲ್ಲ. ಬೇರೆಯವರು ಹೀಗೆ ಮಾಡಿದ್ದರೆ ಜನ್ಮ ಜಾಲಾಡುತ್ತಿದ್ದ. ತಾನು ಮಾತ್ರ ಕಟರ್ ತೆಗೆದುಕೊಂಡು ಕಚಕಚ ಕತ್ತರಿಸಿ ಹಳೆಯ ಸ್ಪೀಕರುಗಳನ್ನು ಅಟ್ಟಕ್ಕೆ ಎಸೆದ.

ಮೊದಲ ಜೊತೆ ಹೊಸತು, ದಪ್ಪ ಮ್ಯಾಗ್ನೆಟ್ಟಿನದು. ಹಾಕುವ ಮುಂಚೆ ಅವನು ಪ್ರತಿ ಸ್ಪೀಕರಿಗೂ ಟಾರ್ಚಿನ ಸೆಲ್ ತಾಗಿಸಿ ನೋಡುತ್ತಿದ್ದ. ಕಾಗದ ಮುಂದಕ್ಕೆ ಉಬ್ಬಿದರೆ ತಂತಿ ಸರಿ, ಹಿಂದಕ್ಕೆ ಎಳೆದುಕೊಂಡರೆ ಉಲ್ಟಾ. ಎರಡೂ ಒಟ್ಟಿಗೆ ಮುಂದೆ ಬರಬೇಕು, ಒಟ್ಟಿಗೆ ಹಿಂದೆ ಹೋಗಬೇಕು. ಒಂದು ತಳ್ಳಿ ಇನ್ನೊಂದು ಎಳೆದರೆ ಬೇಸಿನ ಮಂದ್ರ ಸ್ವರಗಳೆಲ್ಲ ಒಂದನ್ನೊಂದು ನುಂಗಿಹಾಕುತ್ತವೆ. ಅವನ ಅಂಗಡಿಯಲ್ಲಿ ಇದರ ಮುಂದೆ ಬೇರೆ ನಿಯಮವಿಲ್ಲ.

ಬುಧವಾರ ತಾಯಿ ಮಗಳು ಬಂದರು. ಹುಡುಗಿ ಅಪ್ಪನ ಗಿಟಾರ್ ಸಿಕ್ಕಿಸಿ ನಾಲ್ಕು ಸಾಲು ನುಡಿಸಿದಳು. ಅತ್ತಿಗೆ ಬಾಗಿಲಿನ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದರು. ಸಂಗೀತದ ಗಂಧಗಾಳಿ ಇಲ್ಲದ ಹೆಂಗಸು. ಆದರೆ ಇಪ್ಪತ್ತು ವರ್ಷ ಅಡುಗೆಮನೆಯಿಂದ ಆ ಸದ್ದು ಕೇಳಿದ ಕಿವಿ.

"ಚೆನ್ನಾಗಿದೆ," ಎಂದರು ಅತ್ತಿಗೆ. "ಅವರದ್ದಲ್ಲ."

ಎರಡನೆಯ ಜೊತೆ ಹಳೆಯ ಮಾದರಿಯದು: ತೆಳು ಕಾಗದ, ಸಣ್ಣ ಮ್ಯಾಗ್ನೆಟ್ಟು. ಜೋರು ಮಾಡಿದರೆ ಸ್ವಲ್ಪ ಒಡೆಯುವ ದನಿ, ಅಣ್ಣನಿಗೆ ಇಷ್ಟವಾಗುವಂಥದ್ದು. "ಹತ್ತಿರ ಬಂತು," ಎಂದರು ಅತ್ತಿಗೆ. "ಆದ್ರೂ ಅವರದ್ದಲ್ಲ." ಮೂರನೆಯದು ಮುಚ್ಚಿಹೋದ ಸಿನೆಮಾ ಮಂದಿರದಿಂದ ಬಂದ ಜೊತೆ, ಅಣ್ಣನದಕ್ಕಿಂತ ಹಳೆಯದು. ಅದಕ್ಕಾಗಿ ಅವನು ಮೂರು ಅಂಗಡಿ ಸುತ್ತಿದ್ದ, ಯಾರಿಗೂ ತಲೆ ಬಾಗದವನು ಗುಜರಿಯವನ ಹತ್ತಿರ ಹಲ್ಲು ಗಿಂಜಿದ್ದ. ಶನಿವಾರ ಮಧ್ಯಾಹ್ನ ಅದನ್ನೂ ಕೇಳಿ ಅತ್ತಿಗೆ ಅಡ್ಡಡ್ಡ ತಲೆಯಾಡಿಸಿದರು.

"ಏನು ಕಮ್ಮಿ ಇದೆ, ಹೇಳಿ ಅತ್ತಿಗೆ."

"ಕಮ್ಮಿ ಅಲ್ಲಪ್ಪ. ಜಾಸ್ತಿ ಇದೆ. ತುಂಬ್ಕೊಂಡಿದೆ. ಅವರದ್ದು ಹೀಗೆ ಹೊಟ್ಟೆ ತುಂಬ ಉಂಡವರ ದನಿ ಆಗಿರ್ಲಿಲ್ಲ."

ಹುಡುಗಿ ಗಿಟಾರನ್ನು ಚೀಲಕ್ಕೆ ಹಾಕತೊಡಗಿದಳು. ಅವಳ ಕೈ ನೋಡುತ್ತಿದ್ದ ಅವನಿಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಾಳೆ ಅವಳು ನುಡಿಸುವುದಿಲ್ಲ, ತಪ್ಪು ತನ್ನದು, ಸೇತುವೆಯ ಆಚೆಯವನಾಗಿದ್ದರೆ ಮಾಡುತ್ತಿದ್ದನೇನೋ, ತನ್ನ ಕೈಯಲ್ಲಿ ಆಗದೆಂದು ಅಣ್ಣನಿಗೆ ಮೊದಲೇ ಗೊತ್ತಿತ್ತು. ಲೆಕ್ಕದ ಪುಸ್ತಕ ಓದಿದ ಹಾಗೆ ಇಷ್ಟನ್ನೂ ಒಂದರ ಹಿಂದೆ ಒಂದು ಯೋಚಿಸಿದ. ಆಮೇಲೆ, ಸುಮ್ಮನೆ ಕೂರಲಾಗದೆ, ಸ್ಟೂಲು ಹತ್ತಿ ಅಟ್ಟದಿಂದ ಹಳೆಯ ಸ್ಪೀಕರುಗಳನ್ನು ಇಳಿಸಿದ.

ಧೂಳು ಊದಿದ. ಕತ್ತರಿಸಿದ ತಂತಿಗಳ ಮೋಟು ತುದಿಗಳು ಇನ್ನೂ ಅಂಟಿಕೊಂಡಿದ್ದವು. ಪ್ರತಿ ಸ್ಪೀಕರಿಗೂ ತಂತಿ ಬೆಸೆಯಲು ಎರಡು ಲೋಹದ ಕಾಲು, ಕೆಂಪು ಚುಕ್ಕಿ ಇದ್ದದ್ದು ಕೆಂಪು ತಂತಿಗೆ. ಮೊದಲನೆಯದರಲ್ಲಿ ಕೆಂಪು ಚುಕ್ಕಿಯ ಕಾಲಿಗೆ ಕೆಂಪು ತಂತಿ. ಎರಡನೆಯದರಲ್ಲಿ ಕೆಂಪು ಚುಕ್ಕಿಯ ಕಾಲಿಗೆ ಕಪ್ಪು.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಕಪ್ಪೇ. ಉಲ್ಟಾ! ಸೇತುವೆಯ ಆಚೆಯವನ ಕೆಲಸವೇ ಇರಬೇಕು ಎಂದು ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಬೆಸುಗೆಯ ಕೆಳಗೆ ತಂತಿ ಮೂರು ಸುತ್ತು ಸುತ್ತಿತ್ತು. ಹಾಗೆ ಮೂರು ಸುತ್ತು ಸುತ್ತುವವನು ಅವನೊಬ್ಬನೇ. ಕಡಲೆಕಾಳಿನಷ್ಟು ದಪ್ಪನೆಯ, ಹತ್ತೊಂಬತ್ತರ ಹುಡುಗನ ಬೆಸುಗೆ.

"ಅದೇನಾ ಆ ಉಲ್ಟಾ ತಂತಿ?" ಎಂದು ಕೇಳಿದರು ಅತ್ತಿಗೆ, ಹಿಂದಿನಿಂದ.

ಅವನು ತಿರುಗಿ ನೋಡಿದ. "ನಿಮಗೆ ಹೇಗೆ ಗೊತ್ತು?"

"ಆ ಸೇತುವೆ ಹತ್ರದವನು ಹೇಳಿದ್ನಲ್ಲ, ಎಷ್ಟೋ ವರ್ಷದ ಹಿಂದೆ. ಒಂದು ತಂತಿ ಉಲ್ಟಾ ಇದೆ, ಎರಡು ನಿಮಿಷದ ಕೆಲಸ, ಸರಿ ಮಾಡ್ಲಾ ಅಂದ. ಇವರು ಬೇಡ ಅಂದ್ರು."

"ಯಾಕೆ?"

"ನಮ್ಮ ಪುಟ್ಟನ ಮೊದಲ್ನೇ ಕೆಲಸ ಇದು, ಇದ್ದ ಹಾಗೇ ಇರ್ಲಿ ಅಂದ್ರು. ನಿನ್ನ ಹತ್ರ ಯಾಕೆ ಒಯ್ಯಲ್ಲ ಅಂತ ನಾನೇ ಕೇಳಿದ್ದೆ. ಪುಟ್ಟ ಬಿಚ್ತಾನೆ, ತನ್ನ ತಪ್ಪು ನೋಡ್ತಾನೆ, ಮುಖ ಸಣ್ಣ ಮಾಡ್ಕೊಂಡು ಕೂತ್ಕೋತಾನೆ, ಊರಿಗೆಲ್ಲ ಬೈಯೋನು ಅವನು, ಸುಮ್ನಿರು ಅಂದ್ರು. ಬೇಸ್ ಪೂರ್ತಿ ತಿರುಗಿಸ್ಕೊಂಡ್ರೆ ಸರಿಹೋಗುತ್ತೆ ಬಿಡು ಅಂದ್ರು."

ಅಂಗಡಿಯ ಮುಂದೆ ಯಾವುದೋ ಗಾಡಿ ಹೋಯಿತು. ಹದಿನೆಂಟು ವರ್ಷ! ಎಲ್ಲರೆದುರು ಮೂಗಿನ ಆಂಪು, ಶೀತದ ಆಂಪು ಎಂದು ಆಡಿಕೊಂಡಿದ್ದ. ಶೀತ ಹಿಡಿಸಿದವನು ತಾನೇ. ಆ ಮಹಾರಾಯ ಎಲ್ಲ ಗೊತ್ತಿದ್ದೂ ನಗುತ್ತಾ ನಿಂತಿದ್ದ.

"ಗಿಟಾರ್ ತೆಗಿಯಮ್ಮ," ಎಂದ ಹುಡುಗಿಗೆ. "ಹತ್ತು ನಿಮಿಷ ಕೊಡು."

ಎರಡನೆಯ ಜೊತೆಯನ್ನು, ತೆಳು ಕಾಗದದ್ದನ್ನು, ಮತ್ತೆ ಕೂರಿಸಿದ. ಮೊದಲ ಸ್ಪೀಕರಿಗೆ ತಂತಿ ಸರಿಯಾಗಿ ಹಾಕಿದ. ಎರಡನೆಯದಕ್ಕೆ ಬಂದಾಗ ಕೈ ಕೇಳಲಿಲ್ಲ. ಎರಡು ಸಲ ಕೆಂಪು ತಂತಿ ತಾನಾಗಿ ಕೆಂಪು ಚುಕ್ಕಿಗೇ ಹೋಯಿತು. ಎರಡು ಸಲವೂ ಬಿಚ್ಚಿದ. ಮೂರನೆಯ ಸಲ ಕಪ್ಪನ್ನು ಹಿಡಿದು, ಚುಕ್ಕಿಯ ಕಾಲಿಗೆ ಮೂರು ಸುತ್ತು ಸುತ್ತಿ, ಬೆಸುಗೆ ಹಾಕಿದ. ಹೊಗೆ ಕಣ್ಣಿಗೆ ಬಂತು.

ಹುಡುಗಿ ನುಡಿಸಿದಳು. ದನಿ ಸೊರಗಿ, ಮೂಗಿನಿಂದ, ಕೋಣೆಯ ಆ ಮೂಲೆಯಿಂದ ಯಾರೋ ಕರೆದ ಹಾಗೆ ಬಂತು. ಅವಳು ಒಂದು ಕ್ಷಣ ನಿಲ್ಲಿಸಿ ಅಮ್ಮನನ್ನು ನೋಡಿದಳು. ಅತ್ತಿಗೆ ಬಾಗಿಲಿನ ಕಡೆಯಿಂದ ಈ ಕಡೆ ತಿರುಗಿ ಕೂತರು.

"ಬೇಸ್ ಪೂರ್ತಿ ತಿರುಗಿಸೇ," ಎಂದರು. "ನಿಮ್ಮಪ್ಪ ಹಾಗೇ ಮಾಡ್ತಿದ್ರು."

ಹುಡುಗಿ ತಿರುಗಿಸಿ ಮತ್ತೆ ಶುರು ಮಾಡಿದಳು, ಈ ಸಲ ನಿಲ್ಲಿಸಲಿಲ್ಲ. ಅವನು ಆಂಪಿನ ಹಿಂದೆ ನೆಲದ ಮೇಲೆ ಕೂತು ಹಿಂಬದಿಯ ಹಲಗೆಗೆ ಸ್ಕ್ರೂ ಬಿಗಿಯುವ ಮುಂಚೆ ಒಂದು ತುಂಡು ಬಿಳಿ ಟೇಪ್ ಹರಿದುಕೊಂಡ. ಮುಂದೆ ಎಂದಾದರೂ ಯಾವನಾದರೂ ತನ್ನಂಥ ಬುದ್ಧಿವಂತ ಬಂದು ಸರಿ ಮಾಡಿಬಿಟ್ಟರೆ? ಸ್ಪೀಕರಿನ ಬೆನ್ನಿಗೆ ಟೇಪ್ ಅಂಟಿಸಿ ಪೆನ್ನಿನಲ್ಲಿ ಬರೆದ: ಈ ತಂತಿ ಹೀಗೇ ಇರಲಿ. ತಿರುಗಿಸಬೇಡಿ. ಹೇಳಿದವರು ಯಾರು ಎಂದು ಬೇಡವೇ? ಕೆಳಗೆ ಬರೆದ: ಪುಟ್ಟ.

ಆ ಹೆಸರು ಹಿಡಿದು ಕರೆಯುವವರು ಇನ್ನು ಯಾರೂ ಇಲ್ಲ ಎನ್ನುವುದು ಬರೆದು ಮುಗಿಸಿದ ಮೇಲೆ ಅವನಿಗೆ ಗೊತ್ತಾಯಿತು. ಸುಟ್ಟ ಕೈ ಮೂರೂ ಕಡೆ ಒಟ್ಟಿಗೆ ಉರಿಯತೊಡಗಿತು. ಅವನು ಕೂತಲ್ಲೇ, ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದೇ ಅತ್ತ, ದೊಡ್ಡ ದನಿಯಲ್ಲಿ. ಆಂಪಿನ ಆ ಕಡೆ ಅಣ್ಣನ ಮಗಳು ನುಡಿಸುತ್ತಲೇ ಇದ್ದಳು.