ಖಾಯಂ ವಿಳಾಸ

“ಇರೋ ಮನೇನ ಮುಚ್ಚಿಟ್ಟು ಮನೆ ಸಾಲಕ್ಕೆ ಬಂದಿದ್ದೀಯಲ್ಲಯ್ಯ, ನಾಚ್ಕೆ ಆಗಲ್ವಾ ನಿಂಗೆ?”

ಬ್ಯಾಂಕಿನ ಮ್ಯಾನೇಜರು ಅರ್ಜಿಯನ್ನು ಮೇಜಿನ ಮೇಲೆ ಎಸೆದ. ಎದುರು ನಿಂತ ಮಾಜಿ ಸಿಪಾಯಿಗೆ ‘ನಾಚ್ಕೆ’ ಅನ್ನುವುದೊಂದೇ ಸರಿಯಾಗಿ ಕೇಳಿಸಿತು. ಅವನ ಎಡಗಿವಿ ಗಡಿಯಲ್ಲಿ ಸಿಡಿದ ನೆಲಬಾಂಬಿಗೆ ಹೋಗಿತ್ತು. ಬಲಗಿವಿಯನ್ನು ಮುಂದೆ ಮಾಡಿ, “ಏನಂದ್ರಿ ಸಾರ್?” ಎಂದ.

“ಕಿವೀನೂ ಕೇಳ್ಸಲ್ವಾ? ಸರಿಹೋಯ್ತು.” ಮ್ಯಾನೇಜರು ಪಕ್ಕದ ಗುಮಾಸ್ತನ ಮುಖ ನೋಡಿ ನಕ್ಕ. ಆಮೇಲೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿದ. “ಖಾಯಂ ವಿಳಾಸ, ಒಂದನೇ ನಂಬರು, ಮೇಲಿನ ಬೀದಿ. ಸೈನ್ಯದವ್ರೇ ಕೊಟ್ಟಿರೋ ಬಿಡುಗಡೆ ಪುಸ್ತಕದಲ್ಲಿ ಹೀಗಿದೆ. ಆ ಮನೆ ನಂಗೆ ಗೊತ್ತಯ್ಯ, ಊಟಕ್ಕೆ ಹೋಗಿದ್ದೀನಿ. ಹನ್ನೆರಡು ಕೋಣೆ. ಈ ಸಾಲ ಇರೋದು ಮನೆ ಇಲ್ದಿರೋ ಮಾಜಿ ಸೈನಿಕರಿಗೆ, ನಿನ್ನಂಥ ಮಹಾರಾಜರಿಗಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಅದು ಧಣೇರ ಮನೆ ಸಾರ್. ನಾವಿರೋದು ಹಿತ್ತಲಲ್ಲಿ, ಸೌದೆ ಕೊಟ್ಟಿಗೇಲಿ.”

“ಮತ್ತೆ ಇಲ್ಲಿ ಯಾಕೆ ಬರೆಸ್ದೆ?”

ಯಾಕೆ ಬರೆಸಿದ ಅಂದರೆ, ಅವನಿಗೆ ಆಗ ಹದಿನೆಂಟು. ಸೈನ್ಯಕ್ಕೆ ಸೇರುವವರ ಸಾಲಿನಲ್ಲಿ ಅಂಗಿ ಬಿಚ್ಚಿ ನಿಂತಿದ್ದ. ಬರೆದುಕೊಳ್ಳುವವನು ತಲೆ ಎತ್ತದೆ ‘ಖಾಯಂ ವಿಳಾಸ?’ ಅಂದ. ಇವನು ಆ ಮಾತನ್ನು ಕೇಳಿದ್ದು ಅದೇ ಮೊದಲು. ‘ಹಂಗಂದ್ರೇನ್ ಸಾರ್?’ ಎಂದು ಕೇಳಿದ. ‘ನೀನು ಸತ್ರೆ ಹೆಣ ಎಲ್ಲಿಗೆ ಕಳಿಸ್ಬೇಕೋ, ಅದು.’ ಕೊಟ್ಟಿಗೆಗೆ ನಂಬರಿರಲಿಲ್ಲ. ಪಾಪ, ತನ್ನ ಹೆಣ ದಾರಿ ತಪ್ಪಬಾರದಲ್ಲ ಅಂತ ಮುಂದಿನ ದೊಡ್ಡಮನೆಯ ನಂಬರು ಹೇಳಿಬಿಟ್ಟ.

ಹೆಣ ಬರಲಿಲ್ಲ, ಕಾಗದಗಳು ಬಂದವು. ಹತ್ತೊಂಬತ್ತು ವರ್ಷ ಅವನು ಹೊಳೆಗಳಿಗೆ ಸೇತುವೆ ಕಟ್ಟಿದ, ಅಧಿಕಾರಿಗಳು ಮಲಗಲು ನೆಲ ತೋಡಿ ಬಂಕರು ಮಾಡಿದ, ಮದುವೆಯಾದ ಮೇಲೆ ಹೆಂಡತಿಗೆ ತಿಂಗಳಿಗೊಂದು ಕಾಗದ ಬರೆದ. ಎಲ್ಲವೂ ದೊಡ್ಡಮನೆಗೇ ಹೋದವು. ಧಣಿ ಒಡೆಯುತ್ತಿದ್ದ. ಅವಳನ್ನು ಪೊರಕೆ ಸಮೇತ ಜಗಲಿಯ ಕೆಳಗೆ ನಿಲ್ಲಿಸಿ, ಬಂದವರೆದುರು ಓದುತ್ತಿದ್ದ. ‘ನಿನ್ನ ಮೈ ಬಿಸಿ ನೆನಪಾಗುತ್ತೆ ಅಂತ ಬರ್ದಿದಾನಲ್ಲೇ, ಅಲ್ಲಿ ಅಷ್ಟೊಂದ್ ಚಳೀನಾ?’ ಅಂತ ಕೇಳಿದರೆ ಜಗಲಿಯೆಲ್ಲ ನಗೆಯೋ ನಗೆ. ಅವಳು ಇದನ್ನು ಗಂಡನಿಗೆ ಹೇಳಿದ್ದು ಅವನು ಸೈನ್ಯ ಬಿಟ್ಟು ಬಂದ ಮೇಲೆ.

“ಆ ಯಜಮಾನ್ರ ಹತ್ರ ಬರೆಸ್ಕೊಂಡ್ ಬಾ,” ಎಂದ ಮ್ಯಾನೇಜರು. “ಇವನಿಗೆ ನಮ್ಮನೇಲಿ ಹಕ್ಕಿಲ್ಲ, ಹಿತ್ತಲಲ್ಲಿ ಇಷ್ಟು ವರ್ಷದಿಂದ ಇದಾನೆ ಅಂತ. ತಿಂಗಳ ಕೊನೆಗೆ ಈ ಯೋಜನೆ ಮುಗಿಯತ್ತೆ. ಆಮೇಲೆ ಬಂದು ಕಾಲು ಹಿಡಿದ್ರೂ ಇಲ್ಲ.”

ತಿಂಗಳ ಕೊನೆಗೆ ಮುಗಿಯುವುದು ಯೋಜನೆ ಒಂದೇ ಆಗಿರಲಿಲ್ಲ. ಧಣಿಯ ಮಗನಿಗೆ ಎರಡನೇ ಕಾರು ಬಂದಿತ್ತು, ಕಾರು ನಿಲ್ಲಿಸಲು ಕೊಟ್ಟಿಗೆಯ ಜಾಗ ಬೇಕಾಗಿತ್ತು. ತಿಂಗಳು ಮುಗಿಯುವುದರೊಳಗೆ ಖಾಲಿ ಮಾಡಿ ಅಂದಿದ್ದರು. ಸಿಪಾಯಿಯ ತಾಯಿ ಆ ಮನೆಯ ನೆಲವನ್ನು ನಲವತ್ತು ವರ್ಷ ಮಂಡಿಯೂರಿ ಒರೆಸಿ, ಈಗ ಮಂಡಿ ಎರಡೂ ಸತ್ತು, ಚಾಪೆ ಹಿಡಿದಿದ್ದಳು. ಬಾಡಿಗೆಗೆ ಕೇಳಿದ ಕಡೆಯೆಲ್ಲ ‘ಇದಕ್ಕೆ ಮುಂಚೆ ಎಲ್ಲಿದ್ರಿ?’ ಅನ್ನುವರು. ಕೊಟ್ಟಿಗೆ ಅನ್ನುತ್ತಲೇ ಕದ ಮುಚ್ಚುವರು. ಸಾಲ ಸಿಕ್ಕರೆ ಎರಡು ಕೋಣೆ. ಇಲ್ಲದಿದ್ದರೆ ಮುದುಕಿಯನ್ನು ಹೊತ್ತುಕೊಂಡು ಬೀದಿ.

ಧಣಿ ಜಗಲಿಯಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದ.

“ಬಾರೋ ಸೇನಾಪತಿ. ಬರ್ಕೊಡೋಣ, ಅದಕ್ಕೇನಂತೆ. ನೀನೇನ್ ಹೊರಗಿನವನಾ? ಭಾನುವಾರ ಮಧ್ಯಾಹ್ನ ದೊಡ್ಡ ಜನ ಊಟಕ್ಕೆ ಬರ್ತಿದಾರೆ. ನಿನ್ ಮಿಲಿಟರಿ ಬಟ್ಟೆ ಹಾಕ್ಕೊಂಡು ಗೇಟಲ್ಲಿ ನಿಂತ್ಕೋ. ಪದಕ ಗಿದಕ ಎಲ್ಲ ಚುಚ್ಕೋ. ಒಂದೊಂದು ಕಾರಿಗೂ ಒಂದೊಂದು ಸೆಲ್ಯೂಟು.”

“ಪದಕ ಹಾಗೆಲ್ಲ ಹಾಕ್ಕೋಬಾರ್ದು ಧಣಿ. ಅದು ಗಡೀಲಿ ಕೊಟ್ಟಿದ್ದು...”

“ಹಾಗಾದ್ರೆ ಕಾಗದಾನೂ ಗಡಿಗೇ ಹೋಗಿ ಬರೆಸ್ಕೋ ಹೋಗು.” ಧಣಿ ಉಗುರಿನ ಚೂರನ್ನು ಅವನ ಕಡೆಗೆ ಚಿಮ್ಮಿದ.

ಶನಿವಾರ ಹೆಂಡತಿ ಬಿಸಿನೀರು ತುಂಬಿದ ಚೊಂಬಿನಿಂದ ಸಮವಸ್ತ್ರಕ್ಕೆ ಇಸ್ತ್ರಿ ತಿಕ್ಕಿದಳು. “ಥೂ, ಹಾಳಾದ್ ಬಟ್ಟೆ,” ಎಂದು ತಿಕ್ಕುತ್ತಲೇ ಅತ್ತಳು. ಭಾನುವಾರ ಅವನು ಗೇಟಿನಲ್ಲಿ ನಿಂತ. ಇಪ್ಪತ್ತೆರಡು ಕಾರಿಗೆ ಇಪ್ಪತ್ತೆರಡು ಸೆಲ್ಯೂಟು. ಒಬ್ಬಾಕೆ ಕಾರಿನಿಂದಿಳಿದು ನಾಯಿಯ ಸರಪಳಿಯನ್ನು ಅವನ ಎಡಗೈಗೆ ತುರುಕಿ ಒಳಗೆ ಹೋದಳು. ನಾಯಿ ಅವನ ಬೂಟಿನ ಮೇಲೆ ಕಾಲೆತ್ತಿತು. ಬಲಗೈ ಹಣೆಯ ಮೇಲಿತ್ತು, ಏನು ಮಾಡಿಯಾನು? ಒಬ್ಬ ದೊಡ್ಡ ಮನುಷ್ಯ ಪದಕವನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ, “ಇದು ನಿಜದ್ದೇನ್ರೀ?” ಎಂದು ಧಣಿಯನ್ನು ಕೇಳಿದ.

“ನಿಜದ್ದೇ ಸ್ವಾಮಿ. ಅಪ್ಪನ ಕಾಲದಿಂದ ಇವ್ರು ನಮ್ಮನೆ ಆಳುಗಳು. ನಮ್ಮನೆ ಆಳು ಅಂದ್ರೆ ಏನಂದ್ಕೊಂಡ್ರಿ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಪಾಯಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಧಣಿ ಅಂಟಿಸಿದ ಕವರು ಕೊಟ್ಟ, ಮೇಲೆ ‘ಮ್ಯಾನೇಜರವರಿಗೆ’ ಎಂದು ಬರೆದಿತ್ತು. ಹೆಂಡತಿ ಅದನ್ನು ಬೆಳಕಿಗೆ ಹಿಡಿದಳು.

“ಒಡೆದ್ ನೋಡ್ರೀ. ಆ ಮನುಷ್ಯನ್ನ ನಾನು ನಂಬಲ್ಲ.”

“ಮೇಲಧಿಕಾರಿಗೆ ಅಂತ ಅಂಟಿಸಿದ್ದನ್ನ ಒಡೀಬಾರ್ದು ಕಣೆ. ಹತ್ತೊಂಬತ್ತು ವರ್ಷ ಎಷ್ಟೋ ಕವರು ಹೊತ್ತಿದ್ದೀನಿ. ಗುಂಡಿನ ಮಧ್ಯೆ ಹೊತ್ತಿದ್ದೀನಿ. ಒಂದನ್ನೂ ಒಡೆದಿಲ್ಲ.”

“ನಿಮ್ ಕಾಗದಾನ ಅವ್ನು ಒಂದೂ ಬಿಡ್ದೆ ಒಡೆದ,” ಎಂದಳು ಅವಳು. ಅವನು ಕವರನ್ನು ಜೇಬಿಗಿಟ್ಟುಕೊಂಡು ಬ್ಯಾಂಕಿಗೆ ನಡೆದ.

ಮ್ಯಾನೇಜರು ಕವರು ಹರಿದು ಒಮ್ಮೆ ಓದಿದ. ನಗು ತಡೆಯಲಾರದೆ ಇನ್ನೊಮ್ಮೆ ಜೋರಾಗಿ ಓದಿದ. “‘ಸದರಿ ವ್ಯಕ್ತಿಯಾಗಲಿ ಈತನ ಕುಟುಂಬದವರಾಗಲಿ ನಮ್ಮ ಮನೆಯಲ್ಲಿ ಅಥವಾ ಹಿತ್ತಲಿನಲ್ಲಿ ಎಂದೂ ವಾಸವಿದ್ದಿಲ್ಲ. ಇವರು ಯಾರೆಂಬುದೇ ನಮಗೆ ತಿಳಿಯದು.’ ಆಹಾ, ಬುದ್ಧಿವಂತ ಕಣಯ್ಯ ನಿಮ್ ಧಣಿ. ನಲವತ್ತು ವರ್ಷದಿಂದ ಇದ್ರು ಅಂತ ಬರ್ಕೊಟ್ರೆ ನಾಳೆ ಆ ಜಾಗ ನಮ್ದು ಅಂತ ನೀವು ಕೋರ್ಟು ಹತ್ತೀರಿ ಅಂತ ಭಯ.”

“ನಮ್ಮಮ್ಮ... ಅಲ್ಲೇ ಸಾರ್ ನನ್ನ ಹೆತ್ತಿದ್ದು.”

“ಅದು ನಿಮ್ಮಮ್ಮನಿಗೆ ಗೊತ್ತು. ಈಗ ನೀನ್ ಹೇಳು. ಅಲ್ಲಿದ್ದೆ ಅಂದ್ರೆ ಪುಸ್ತಕದ ಪ್ರಕಾರ ನಿಂಗೆ ಮನೆ ಇದೆ, ಸಾಲ ಇಲ್ಲ. ಇರ್ಲಿಲ್ಲ ಅಂದ್ರೆ ಸೈನ್ಯಕ್ಕೆ ಸುಳ್ಳು ವಿಳಾಸ ಕೊಟ್ಟಿದ್ದೀಯ. ಪಿಂಚಣಿ ಆಫೀಸಿಗೆ ನಾನೇ ಬರೀತೀನಿ, ಅದೂ ನಿಲ್ಲತ್ತೆ. ಯಾವ್ದು?”

“ಅಲ್ಲಿದ್ದೆ ಸಾರ್.”

“ಜೋರಾಗ್ ಹೇಳು.”

“ಅಲ್ಲೇ ಇದ್ದೆ ಸಾರ್. ಅದೇ ನನ್ನ ಖಾಯಂ ವಿಳಾಸ.”

“ಹಾಗಾದ್ರೆ ಹೋಗು. ಮನೆಗೆ ಹೋಗಿ ಕಾಲ್ ಚಾಚ್ಕೊಂಡು ಮಲಗು.”

ಮ್ಯಾನೇಜರು ಅರ್ಜಿಯ ಮೇಲೆ ‘ತಿರಸ್ಕೃತ. ವಾಸಕ್ಕೆ ಸ್ವಂತ ಮನೆ ಇದೆ’ ಎಂದು ಬರೆದು, ಸಹಿ ಹಾಕಿ, ದುಂಡು ಮೊಹರು ಗುದ್ದಿ ಕೊಟ್ಟ. ಸಿಪಾಯಿ ಅದನ್ನು ನಾಲ್ಕು ಮಡಿಕೆ ಮಾಡಿಕೊಂಡು ಹೊರಗೆ ಬಂದ. ಬಿಸಿಲು ರಾಚುತ್ತಿತ್ತು. ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ, ಅಮ್ಮನಿಗೆ ಏನೆಂದು ಹೇಳುವುದು.

ಹೇಳುವ ಕೆಲಸವೇ ಉಳಿದಿರಲಿಲ್ಲ. ಕೂಲಿಗಳಿಬ್ಬರು ಗೋಡೆ ಹತ್ತಿ ಕೊಟ್ಟಿಗೆಯ ತಗಡುಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ತಿಂಗಳು ಮುಗಿಯಲು ಇನ್ನೂ ಎರಡು ದಿನವಿತ್ತು. ಒಳಗೆ ಚಾಪೆಯ ಮೇಲೆ ಮುದುಕಿ ತಲೆಗೆ ಗೋಣಿ ಹೊದ್ದು ಕೂತಿದ್ದಳು, ಗೋಣಿಯ ಮೇಲೆಲ್ಲ ತುಕ್ಕು ಉದುರಿತ್ತು. ಹೆಂಡತಿ ಪಾತ್ರೆಗಳನ್ನು ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು.

“ನಮ್ದೇನ್ ತಪ್ಪಿಲ್ಲಣ್ಣ, ಹೊಟ್ಟೆಪಾಡು,” ಎಂದ ಗೋಡೆಯ ಮೇಲಿನ ಕೂಲಿ.

“ಸಾಲ ಏನಾಯ್ತು?” ಹೆಂಡತಿ ಕೇಳಿದಳು.

ಅವನು ಕಾಗದ ಕೊಟ್ಟ. ಓದಿ ಅವಳು ಗಂಟನ್ನು ಕೈಬಿಟ್ಟಳು. ಪಾತ್ರೆಗಳು ಉರುಳಿದವು.

“ಸೂಳೇಮಕ್ಳು,” ಎಂದಳು. “ಎಲ್ರೂ ಸೂಳೇಮಕ್ಳೇ. ಈಗ ಎಲ್ಲಿಗ್ರೀ ಹೋಗೋದು?”

“ಮನೆಗೆ,” ಎಂದ ಸಿಪಾಯಿ.

ಮುದುಕಿಯನ್ನು ಬೆನ್ನ ಮೇಲೆ ಹೊತ್ತ. ಗಾಯಗೊಂಡ ಎಷ್ಟೋ ಜನರನ್ನು ಹೊತ್ತ ಬೆನ್ನು ಅದು, ಅವಳೊಂದು ಹಿಡಿ ಹುಲ್ಲಿನಷ್ಟೂ ಭಾರವಿರಲಿಲ್ಲ. ಹಿತ್ತಲು ದಾಟಿ, ಮನೆಯ ಪಕ್ಕದಿಂದ ಸುತ್ತಿ, ಮುಂದಿನ ಮೆಟ್ಟಿಲು ಹತ್ತಿದ. ಹೆಂಡತಿ ಚಪ್ಪಲಿ ಬಿಡಲು ಬಗ್ಗಿದವಳು ಬಿಡದೆಯೇ ಒಳಗೆ ಬಂದಳು. ಹಜಾರದ ನಡುವೆ ಉದ್ದದ ಸೋಫಾ ಇತ್ತು. ಅದರ ಮೇಲೆ ತಾಯಿಯನ್ನು ಮಲಗಿಸಿ, ತಾನೂ ತುದಿಯಲ್ಲಿ ಕೂತ.

“ಬೇಡ ಕಣೋ,” ಮುದುಕಿ ಪಿಸುಗುಟ್ಟಿದಳು. “ಕೊಳೆ ಆಗತ್ತೆ. ಬೈತಾರೆ.”

ಧಣಿ ಊಟದ ಕೈಯಲ್ಲೇ ಓಡಿಬಂದ. “ಏಯ್ ಬೋಳಿಮಗನೆ! ಯಾರ ಮನೆ ಅನ್ಕೊಂಡ್ಯೋ?”

“ನಂದೇ ಅಂತ ಧಣಿ.” ಸಿಪಾಯಿ ಮೊಹರಿನ ಕಾಗದ ಬಿಚ್ಚಿ ಹಿಡಿದ. “ಸೈನ್ಯದವ್ರು ಬರ್ದಿದಾರೆ, ಬ್ಯಾಂಕಿನವ್ರು ಒಪ್ಪಿದಾರೆ. ನಾನು ಹೇಳಿದ್ದಲ್ಲ.”

“ಹಲ್ಕಾ ನನ್ಮಗನೆ, ಉಂಡ ಮನೆಗೆ...”

“ಯಾರ್ರೀ ನೀವು?” ಹೆಂಡತಿ ಅಡ್ಡ ಬಂದಳು. ಅಷ್ಟು ವರ್ಷ ಜಗಲಿಯ ಕೆಳಗೆ ತಲೆ ತಗ್ಗಿಸಿ ನಿಂತವಳ ಗಂಟಲು ಮನೆಯೆಲ್ಲ ಕೇಳಿಸಿತು. “ನಾವ್ ಯಾರಂತಾನೇ ಗೊತ್ತಿಲ್ಲ ಅಂತ ಬರ್ಕೊಟ್ರಲ್ಲ, ನಮಗೂ ನೀವ್ ಯಾರಂತ ಗೊತ್ತಿಲ್ಲ. ಹೋಗ್ರೀ ಆಚೆ!”

ಧಣಿ ಆಚೆ ಹೋಗಲಿಲ್ಲ, ಫೋನು ಹಿಡಿದ. ಅರ್ಧ ಗಂಟೆಯೊಳಗೆ ಗೇಟಿನಲ್ಲಿ ಪೊಲೀಸ್ ಜೀಪು ನಿಂತಿತು. ಇನ್ಸ್‌ಪೆಕ್ಟರು ಕಾಗದದ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

“ಎದ್ದೇಳೋ!”

ಆ ಗದರಿಕೆಗೆ ಸಿಪಾಯಿಯ ಮೈ ತಾನಾಗಿಯೇ ಎದ್ದು ನಿಂತಿತು. ಹಿಮ್ಮಡಿಗಳು ಟಕ್ಕೆಂದು ಕೂಡಿದವು, ಎದೆ ಸೆಟೆಯಿತು, ಕೈ ಹಣೆಗೆ ಹೋಯಿತು. ಧಣಿ ಹೋ ಎಂದು ನಕ್ಕ. ಸಿಪಾಯಿಗೆ ಅಷ್ಟು ಅವಮಾನ ಗೇಟಿನಲ್ಲೂ ಆಗಿರಲಿಲ್ಲ, ಬ್ಯಾಂಕಿನಲ್ಲೂ ಆಗಿರಲಿಲ್ಲ.

ಹೆಂಡತಿ ಅವನ ಅಂಗಿ ಹಿಡಿದು ಕೆಳಕ್ಕೆ ಎಳೆದಳು. “ಕೂತ್ಕೊಳ್ರೀ. ಅವ್ರು ಬಂದಿರೋದು ನಮ್ಮನೆಗೆ.”

“ಎದ್ದೇಳೋ ಅಂದ್ರೆ!” ಇನ್ಸ್‌ಪೆಕ್ಟರು ಇನ್ನೊಮ್ಮೆ ಕಿರುಚಿದ.

ಸಿಪಾಯಿ ಕೂತ. ಎರಡೂ ಕೈಯಿಂದ ಸೋಫಾದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಪೇದೆಗಳು ಅವನನ್ನು ಮುಟ್ಟಲಿಲ್ಲ, ಮೊದಲು ಮುದುಕಿಯ ಕಾಲುಗಳನ್ನು ಹಿಡಿದು ಎಳೆಯತೊಡಗಿದರು.