ಕಾಗದದ ಮೇಲೆ ಹೂಡಿದ ಜೋಡಿ

ಅಂಗೈ ಎತ್ತಿಗೆ ಕನ್ನಡಿ ಬೇಕೆ ಎಂದು ಹಿರಿಯರು ಕೇಳಿದ್ದಾರೆ. ಅವರು ಕೇಳಿದ್ದು ಹುಣ್ಣಿನ ಮಾತು, ಎತ್ತಿನದಲ್ಲ ಎಂದು ತಿದ್ದಲು ಬರುವವರು ಸ್ವಲ್ಪ ತಡೆಯಬೇಕು. ಅಕ್ಕೋಳದ ಉಜ್ವಲಾಳ ಅಂಗೈಯಲ್ಲಿ ಇದ್ದದ್ದು ಎತ್ತೇ, ಅದಕ್ಕೆ ಕನ್ನಡಿಯೂ ಬೇಕಾಯಿತು. ಇದು ನಡೆದ ಸಂಗತಿ. ತಿರುಚಿದ್ದು ಒಂದೂ ಇಲ್ಲ, ತಿರುಗಿಸಿದ್ದು ಮಾತ್ರ ಉಂಟು.

ಉಜ್ವಲಾ ಮದುವೆಗೆ, ತೊಟ್ಟಿಲಿಗೆ ಕೈಯಿಂದಲೇ ಕಾರ್ಡು ಮಾಡಿಕೊಡುವ ಸೊಸೆ. ಅವಳ ಮಾವ ಮುರಗೆಪ್ಪನಿಗೆ ನಾಲ್ಕೆಕರೆ ಕಬ್ಬು, ಒಂದು ಜೋಡಿ ಎತ್ತು. ಕಬ್ಬು ಮೊಳಕಾಲೆತ್ತರ ಬಂದು, ಸಾಲಿನ ನಡುವಿನ ಕಸ ತೆಗೆಯಲು ಎಡೆ ಹೊಡೆಯಬೇಕಾದ ಹೊತ್ತಿಗೆ ಎಡದ ಎತ್ತು ಕಾಲು ಮುರಿದುಕೊಂಡಿತು. ನೊಗದ ಎಡಕ್ಕೆ ಪಳಗಿದ್ದು ಎಡಕ್ಕೇ ಸೈ. ಬಲದ್ದನ್ನು ತಂದು ಅಲ್ಲಿ ಕಟ್ಟಿದರೆ ಸಾಲು ಬಿಟ್ಟು ಬದು ಹತ್ತುತ್ತದೆ. ಸುದ್ದಿ ತಿಳಿದ ಬೇಡಕಿಹಾಳದ ಗೆಳೆಯ ಬಾಳಾಸಾಬ, ಯಾರೂ ಕೇಳುವ ಮೊದಲೇ, ತನ್ನ ಎಡದ ಎತ್ತನ್ನು ಟೆಂಪೊದಲ್ಲಿ ತಂದು ಮುರಗೆಪ್ಪನ ಕೊಟ್ಟಿಗೆಯಲ್ಲಿ ಕಟ್ಟಿ ಹೋದ. ಎರಡು ತಿಂಗಳು ಅದು ದುಡಿಯಿತು. ಕಬ್ಬು ಉಳಿಯಿತು.

ಮುರಗೆಪ್ಪ ಮಾತ್ರ ಉಪಕಾರ ನೆನೆಯುವ ಒಂದು ಮಾತಿಗೂ ಬಾಯಿ ಬಿಡಲಿಲ್ಲ. ಎತ್ತಿಗೆ ಹಿಂಡಿ ತಿನ್ನಿಸಿ ಮಗನಂತೆ ನೋಡಿಕೊಂಡ. ಬಾಳಾಸಾಬ ಎದುರಾದರೆ ಮಳೆಯ ಮಾತು ತೆಗೆದ.

ನಿಪ್ಪಾಣಿ ಸಂತೆಯಲ್ಲಿ ಬಾಳಾಸಾಬ ಉಜ್ವಲಾಳನ್ನು ಕೇಳಿಯೇಬಿಟ್ಟಿದ್ದ: "ಯವ್ವಾ, ನಿಮ್ಮ ಮಾಮಾಗ ಹಲ್ಲ ಗಿಲ್ಲ ನೋವ ಐತೇನ? ನನ್ನ ನೋಡಿದ್ರ ಬಾಯೇ ತಗಿಯೂದಿಲ್ಲಲಾ!"

ನಕ್ಕೇ ಕೇಳಿದ್ದ. ಆದರೆ ಚಹಾಕ್ಕೆ ಮನೆಗೆ ಬರ್ರಿ ಎಂದದ್ದಕ್ಕೆ ಒಲ್ಲೆ ಎಂದಿದ್ದ.

ಈಗ ಮಾವ ಹೊಸ ಎತ್ತು ತಂದಿದ್ದ. ಮರುದಿನ ಬಾಳಾಸಾಬನದನ್ನು ಮರಳಿಸಬೇಕು. ಮಾತಿಲ್ಲದೆ ಮರಳಿಸಿದರೆ ಎತ್ತು ಮನೆ ಸೇರುತ್ತದೆ, ಗೆಳೆತನ ಬೀದಿಗೆ ಬೀಳುತ್ತದೆ. ಉಜ್ವಲಾಳಿಗೆ ಅದು ಖಾತ್ರಿ.

"ಮಾಮಾ, ಬಾಳಾಸಾಬ ಕಾಕಾಗ ಒಂದ ಕಾರ್ಡ ಮಾಡ್ತೀನ್ರಿ."

"ಮಾಡ. ಬರವಣಿಗಿ ಗಿರವಣಿಗಿ ಬ್ಯಾಡ. ಎತ್ತಿನ ಚಿತ್ರ ಸಾಕು, ತಿಳೀತೇನ?"

'ತಿಳೀತೇನ' ಎಂಬುದು ಅವನ ಮಾತಿಗೆಲ್ಲ ಬಾಲ. ಉಜ್ವಲಾ ಅಡುಗೆಮನೆಯಲ್ಲಿ ಅದೇ ಗಡಸು ದನಿಯಲ್ಲಿ ಅದನ್ನಂದರೆ ಅತ್ತೆ ರುಕ್ಮವ್ವ ಗಾಬರಿಯಿಂದ ಎದ್ದು ನಿಲ್ಲುತ್ತಿದ್ದಳು.

ಅವಳಲ್ಲಿದ್ದ ರಬ್ಬರ್ ಶಿಕ್ಕಾ, ಅಂದರೆ ಮೊಹರು, ಒಂದೇ: ಎದುರಿನಿಂದ ಕಾಣುವ ಎತ್ತಿನ ಮುಖ, ಒಂದು ಬದಿಗೆ ಇಳಿಬಿದ್ದ ಹಗ್ಗ. ಅದನ್ನೇ ಅಕ್ಕಪಕ್ಕ ಎರಡು ಸಲ ಒತ್ತಿದಳು. ಮುರಗೆಪ್ಪ ಕಾರ್ಡನ್ನು ದೂರ ಹಿಡಿದು ನೋಡಿದ.

"ಎರಡಕ್ಕೂ ಹಗ್ಗ ಒಂದ ಕಡೆ ಐತಿ. ಜೋಡ್ಯಾಗ ಹಗ್ಗ ಹೊರಗಿನ ಬದಿಗಿ ಇರಬೇಕು. ಎರಡೂ ಬಲದ ಎತ್ತ ಆದುವಲ್ಲ! ಬಾಳಾಸಾಬ ಕೊಟ್ಟಿದ್ದು ಎಡದ್ದು. ಇದನ್ನ ಕಂಡ್ರ ನಕ್ಕಾನು, ತಿಳೀತೇನ?"

ಉಜ್ವಲಾ ಟ್ರ್ಯಾಕ್ಟರಿನ ಹಳೆಯ ಟ್ಯೂಬಿನದೊಂದು ನುಣುಪು ತುಂಡು ಕತ್ತರಿಸಿ ತೊಳೆದಳು. ಶಿಕ್ಕಾಕ್ಕೆ ಮಸಿ ಹಚ್ಚಿ ಮೊದಲು ಟ್ಯೂಬಿನ ಮೇಲೆ ಒತ್ತಿದಳು. ಮಸಿ ಆರುವ ಮುನ್ನ ಆ ಟ್ಯೂಬನ್ನು ಹೊಸ ಕಾರ್ಡಿನ ಮೇಲೆ ಮಗುಚಿ ಬೆರಳಿನಿಂದ ತಿಕ್ಕಿದಳು. ಎತ್ತು ತಿರುಗಿ ಮೂಡಿತು. ಅದರ ಪಕ್ಕದಲ್ಲಿ ಶಿಕ್ಕಾವನ್ನು ನೇರವಾಗಿ ಒತ್ತಿದಾಗ ಹಗ್ಗಗಳೆರಡೂ ಹೊರಬದಿಗೆ ಬಂದವು.

"ಈಗ ಜೋಡಿ ಆತ ನೋಡ!" ಎಂದು ಮಾವ ಹೊಲಕ್ಕೆ ಹೋದ.

ಹೋದದ್ದೇ ತಡ, ಅವಳು ಅದೇ ಟ್ಯೂಬಿನ ಮೇಲೆ ಪೆನ್ನಿನಿಂದ ನಾಲ್ಕು ಸಾಲು ಬರೆದು ಎತ್ತುಗಳ ಕೆಳಗೆ ಮಗುಚಿದಳು. ಅಕ್ಷರಗಳೂ ತಿರುಗಿ ನಿಂತವು.

"ಇದೇನ ಇರಿವಿ ಹರದಾಡಿದಂಗ?" ಸಂಜೆ ಮುರಗೆಪ್ಪ ಕೇಳಿದ.

"ಡಿಜೈನ್ ರಿ ಮಾಮಾ. ಎತ್ತಿನ ಕಾಲಾಗ ಹುಲ್ಲ ಬ್ಯಾಡೇನ್ರಿ?"

ಮರುದಿನ ಮುಂಜಾನೆ ಬೇಡಕಿಹಾಳದಲ್ಲಿ ಬಾಳಾಸಾಬ ಕಟ್ಟೆಯ ಕಂಬಕ್ಕೆ ಕನ್ನಡಿ ತೂಗುಹಾಕಿ ಗಡ್ಡ ಹೆರೆಯುತ್ತಿದ್ದ. ಸೊಸೆಯೊಡನೆ ಟೆಂಪೊದಲ್ಲಿ ಬಂದ ಮುರಗೆಪ್ಪ ಎತ್ತು ಇಳಿಸಿದ, ಕಟ್ಟಿದ, ಮೈ ಸವರಿದ, "ಮಳಿ ಈ ಸಲ ತಡಾ ಆತು" ಎಂದ.

"ಹೂಂ," ಎಂದ ಬಾಳಾಸಾಬ. ಅಷ್ಟೇ.

ಉಜ್ವಲಾ ಕಾರ್ಡು ಮುಂದೆ ಹಿಡಿದಳು. "ಕಾಕಾ, ಮಾಮಾ ಕೊಟ್ಟಾರ್ರಿ. ಕೆಳಗಿಂದು ಕನ್ನಡ್ಯಾಗ ನೋಡ್ರಿ."

ಬಾಳಾಸಾಬ ಕಾರ್ಡನ್ನು ಕನ್ನಡಿಗೆ ಹಿಡಿದ. "ಅಕ್ಷರ ಬಂದುವಲ್ಲ! ಆದ್ರ ಕನ್ನಡ ಐತಿ. ನಾ ಮರಾಠಿ ಸಾಲ್ಯಾಗ ಕಲ್ತಾಂವ. ಮಾತ ಬರ್ತೈತಿ, ಅಕ್ಷರ ಬರೂದಿಲ್ಲ. ಮುರಗೆಪ್ಪಣ್ಣಾ, ನೀನ ಓದ ಬಾ."

ಇದು ಉಜ್ವಲಾಳಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಕನ್ನಡದಲ್ಲಿ ಬರೆದಿದ್ದಳು.

ಮುರಗೆಪ್ಪ ಕನ್ನಡಿಗೆ ಬಗ್ಗಿ, ಶಾಲೆಯ ಹುಡುಗನಂತೆ ಕೂಡಿಸಿ ಕೂಡಿಸಿ ಓದಿದ: "ಬಾಳಾಸಾಬ, ನಿನ್ನ ಎತ್ತ ಬರಲಿಲ್ಲಂದ್ರ ನಮ್ಮ ಕಬ್ಬ ಕಸದಾಗ ಮುಚ್ಚಿ ಹೋಗತಿತ್ತು, ತಿಳೀತೇನ? ಕೇಳೂ ಮೊದಲ ಬಂದಾಂವ ನೀ. ನನಗ ಹೇಳಾಕ ಬರೂದಿಲ್ಲ. ಆದ್ರ ದಿನಾ ಮುಂಜಾನೆ ಎತ್ತಿನ ಮೈ ತಿಕ್ಕುವಾಗ ನಿನ್ನ ಹೆಸರ ತಗೊಂಡ ಕೈ ಮುಗೀತೀನಿ, ತಿಳೀ..."

ನಿಂತ. ಸಾಲುಗಳ ಪಕ್ಕದಲ್ಲೇ ತನ್ನ ಮುಖ ಕಾಣುತ್ತಿತ್ತು, ಬಾಯಿ ತೆರೆದಿತ್ತು. ಕೊಟ್ಟಿಗೆಯಲ್ಲಿ ಕೈ ಮುಗಿಯುವುದನ್ನು ಸೊಸೆ ಕಂಡಿದ್ದಾಳೆ!

ಬಾಳಾಸಾಬ ಕ್ಷೌರದ ಕತ್ತಿ ಕೆಳಗಿಟ್ಟ. "ಖರೇನ ಮುಗೀತಿ?"

ಮುರಗೆಪ್ಪ ಸೊಸೆಯನ್ನು ನೋಡಿದ, ಎತ್ತನ್ನು ನೋಡಿದ. ತಪ್ಪಿಸಿಕೊಳ್ಳಲು ಮಳೆಯೂ ಉಳಿದಿರಲಿಲ್ಲ. "ಖರೇನಪಾ. ನಮ್ಮನಿ ಉಳಿಸಿದಿ ನೀ. ಎರಡ ತಿಂಗಳಾತು ಹೇಳಬೇಕಂತೀನಿ, ಬಾಯಿ ಬರವಲ್ದು."

"ಈಗ ಬಂತಲ್ಲ!" ಎಂದು ಬಾಳಾಸಾಬ ಸಾಬೂನು ಮೆತ್ತಿದ ಮುಖದಿಂದಲೇ ಅವನನ್ನು ತಬ್ಬಿಕೊಂಡ. ಬಿಡಿಸಿಕೊಂಡಾಗ ಮುರಗೆಪ್ಪನ ಅರ್ಧ ಮೀಸೆ ಬೆಳ್ಳಗಾಗಿತ್ತು. ಉಜ್ವಲಾ ಸೆರಗಿನಲ್ಲಿ ನಕ್ಕಳು, ಬಾಳಾಸಾಬ ಹೊಟ್ಟೆ ಹಿಡಿದುಕೊಂಡ. ಎಲ್ಲರಿಗಿಂತ ಜೋರಾಗಿ ನಕ್ಕವನು ಮುರಗೆಪ್ಪ. ಕಟ್ಟೆಗೆ ಒರಗಿ ಕೂತು, ಕಣ್ಣೊರೆಸಿಕೊಳ್ಳುತ್ತ, ಏದುಸಿರು ಹತ್ತಿದರೂ ನಿಲ್ಲಿಸದೆ ನಕ್ಕ.