ಗುಂಡಮ್ಮನ ಮೆಂಬರ ಮಗ

"ಜರಾ ಬಲಕ್ಕ ತಗೋಪಾ, ಗೋಣು ವಾಲಲತ್ತದ," ಎಂದು ನೆರೆಮನೆಯ ಅಕ್ತರಬೀ ಬಾಗಿಲಿನಿಂದಲೇ ಹೇಳಿದಳು.

ಒಳಗೆ ಮಡೆಪ್ಪ ತನ್ನ ಅತ್ತಿಗೆಯ ಹೆಣವನ್ನು ಗೋಡೆಗೆ ಆನಿಸಿ ಕೂಡಿಸುತ್ತಿದ್ದ. ಗೂಟಕ್ಕೆ ಹಳೆಯ ಧೋತರ ಬಿಗಿದು, ತಲೆಯ ಸುತ್ತ ತಂದು, ಗಲ್ಲ ಎತ್ತಿ ನಿಲ್ಲಿಸಿದ. ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟ ಮೇಲೆ, ಗುಂಡಮ್ಮ ಯಾರನ್ನೋ ವಿಚಾರಿಸಿಕೊಳ್ಳಲು ಕೂತಂತೆ ಕಂಡಳು.

"ಹಿಂಗೇ ಕೂಡ್ತಿದ್ಲು," ಎಂದಳು ಅಕ್ತರಬೀ. ಸೆರಗಿನಿಂದ ಮೂಗು ಒರೆಸಿಕೊಂಡಳು.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಬಿದ್ದ ವಾರ, ಮಂದಿ ಕೊಡಲಿ ಹಿಡಿದು ಮುಸಲ್ಮಾನರನ್ನು ಹುಡುಕುತ್ತ ಓಣಿಗೆ ಬಂದಾಗ, ಗುಂಡಮ್ಮ ಇದೇ ಅಕ್ತರಬೀಯ ಹೊಸ್ತಿಲ ಮೇಲೆ ಮೊರ ಹಿಡಿದು ಕೂತು ಜೋಳ ಹಸನು ಮಾಡಿದ್ದಳು. ಕೇಳಿದವರಿಗೆ ತಲೆ ಎತ್ತದೆ, "ಇದು ನನ್ನ ಮನಿ, ಮುಂದ ಹೋಗ್ರಿ," ಎಂದಿದ್ದಳು. ಒಳಗಿದ್ದವರು ಉಳಿದರು. ಆಮೇಲೆ ಇಬ್ಬರೂ ಆ ಮಾತು ಎತ್ತಿದವರಲ್ಲ.

ಭಾದ್ರಪದದ ಮಳೆ ಬೆಳಿಗ್ಗೆಯಷ್ಟೇ ನಿಂತಿತ್ತು. ಸಿದ್ದನವಾಡಿ ಭಾಲ್ಕಿಗೂ ಔರಾದಕ್ಕೂ ನಡುವಿನ ಸಣ್ಣ ಊರು. ಊರಿಗೂ ಹೊಲಗಳಿಗೂ ನಡುವೆ ಹಳ್ಳ. ಗುಂಡಮ್ಮನ ಗಂಡ ಆಚೆ ದಂಡೆಯ ಹೊಲದಲ್ಲಿ ಮಣ್ಣಾಗಿದ್ದ. ಅವನ ಮಗ್ಗುಲಲ್ಲೇ ತನ್ನನ್ನು ಕೂಡಿಸಬೇಕೆಂಬುದು ಅವಳ ಆಸೆ. ಹಳ್ಳದ ನೀರು ಈಗ ಸೊಂಟದ ಮಟ್ಟ ಇತ್ತು. ಔರಾದದ ಕಡೆ ಮೋಡ ಮತ್ತೆ ಕಪ್ಪಾಗಿತ್ತು.

"ಇನ್ನಾ ಎಷ್ಟೊತ್ತು ಕಾಯಾಮು?" ಎಂದು ಮಡೆಪ್ಪ ಹೊರಗೆ ಬಂದ. "ಮ್ಯಾಲ ಮಳಿ ಬಿತ್ತಂದ್ರ ಹಳ್ಳಾ ಏರ್ತದ. ಆಮ್ಯಾಲ ವೈನಿಗಿ ಈ ಕಡಿ ದನಾ ಮೇಯೂ ಗಾಯರಾಣದಾಗೇ ಕುಣಿ ತೋಡಬೇಕಾಗ್ತದ."

"ಮಗ ಬರಲಾರ್ದ ಎತ್ತಬ್ಯಾಡ್ರಿ ಅಂತ ನನ್ನ ಕೈ ಹಿಡದು ಹೇಳ್ಯಾಳಪಾ."

"ಎಲ್ಲಿ ಮಗಾ ಅಕ್ತರಬೀ? ಆಂವ ಅಸೆಂಬ್ಲಿ ಮೆಂಬರ್! ಬೀದರದಾಗ ಬಂಗ್ಲಾ, ಬಾಗಲಿಗಿ ಜೀಪು. ನಮ್ಮ ವೈನಿ ಸತ್ಲಂದ್ರ ಅವನಿಗೇನು?"

"ಸಕ್ಕರಿ ತಿಂದಾನಲ್ಲ," ಎಂದಳು ಅಕ್ತರಬೀ. "ನೀನೂ ನೋಡಿದಿ."

ಮಡೆಪ್ಪನ ಮಗ ವೈಜಿನಾಥ ಮುಂಜಾನೆಯೇ ಸೈಕಲ್ಲು ಹಿಡಿದು ಭಾಲ್ಕಿಗೆ ಹೋಗಿದ್ದ. ಅಂದು ಮೆಂಬರರದು ಅಲ್ಲಿ ಸಭೆ ಇತ್ತು.

* * *

ಮೊದಲ ಇಲೆಕ್ಷನ್ನಿನ ವರ್ಷ. ಮನ್ಮಥಪ್ಪ ವಕೀಲರು ಸಿದ್ದನವಾಡಿಗೆ ಬಂದು ಬೇವಿನ ಕಟ್ಟೆಯ ಮೇಲೆ ನಿಂತು, "ತಾಯಂದಿರೇ, ನಾ ನಿಮ್ಮ ಮನಿ ಮಗ ಅಂತ ತಿಳಕೋರಿ," ಎಂದರು. ಹಿಂದಿನ ಊರಲ್ಲೂ ಇದನ್ನೇ ಹೇಳಿದ್ದರು, ಮುಂದಿನ ಊರಲ್ಲೂ ಹೇಳುವವರಿದ್ದರು. ಹೆಂಗಸರು ಸೆರಗು ಎಳೆದುಕೊಂಡು ನಕ್ಕರು. ಗುಂಡಮ್ಮ ನಗಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ.

"ನಿಂದರಪ್ಪ," ಎಂದು ಒಳಗೆ ಹೋದಳು. ಕಾಲಿಗೆ ನೀರು ತಂದಳು. ಕುಂಕುಮ ಹಚ್ಚಿದಳು. ಹೆಣ್ಣು ಗಂಡು ಗೊತ್ತು ಮಾಡುವಾಗ ಮಾಡುವಂತೆ, ಐದು ಮಂದಿಯ ಎದುರು ವಕೀಲರ ಬಾಯಿಗೆ ಸಕ್ಕರೆ ಹಾಕಿದಳು. ಆ ಸೀಮೆಯಲ್ಲಿ ಹಾಗೆ ಸಕ್ಕರೆ ತಿಂದ ಮೇಲೆ ಮಾತು ಮುರಿಯುವಂತಿಲ್ಲ. ವಕೀಲರಿಗೆ ಅದು ಮುದುಕಿಯ ಅಕ್ಕರೆಯಾಗಿ ಕಂಡಿತು, ನಕ್ಕು ನುಂಗಿದರು.

"ಮಗಾ, ನಿಮ್ಮಪ್ಪ ಹಳ್ಳದ ಆಚಿ ಕೂತಾನ. ಮಳಿಗಾಲದಾಗ ನಾ ಸತ್ರ ಅಲ್ಲಿಗಿ ಹ್ಯಾಂಗ ಹೋಗ್ಲಿ?"

ತಮ್ಮಪ್ಪ ಬೀದರದಲ್ಲಿ ಗಟ್ಟಿಮುಟ್ಟಾಗಿ ಇದ್ದಾರಲ್ಲ ಎಂದು ವಕೀಲರು ಅರೆಗಳಿಗೆ ಗಲಿಬಿಲಿಗೊಂಡರು. ಜತೆಗಿದ್ದವರು ಕಿವಿಯಲ್ಲಿ ತಿಳಿಸಿದ ಮೇಲೆ ಜೋರಾಗಿ, "ಹಳ್ಳಕ್ಕ ಪೂಲ್ ಕಟ್ಟಸ್ತೇನಿ ಆಯಿ!" ಎಂದರು.

ಸೇತುವೆ ಬರುತ್ತದೆಂದು ಊರು ಚಪ್ಪಾಳೆ ಹೊಡೆಯಿತು. ಗುಂಡಮ್ಮ ವೋಟು ಹಾಕಲು ಹೋದಾಗ ಅವರ ಗುರುತಿದ್ದ ಡಬ್ಬಿಗೆ ಕುಂಕುಮ ಹಚ್ಚಿ ಬಂದಳು.

* * *

ವಕೀಲರು ಗೆದ್ದು ಮೆಂಬರರಾದರು. ವರ್ಷ ಕಳೆದರೂ ಮಗ ಬರಲಿಲ್ಲ. ಗುಂಡಮ್ಮ ರೊಟ್ಟಿ ಗಂಟು ಕಟ್ಟಿಕೊಂಡು ಔರಾದಕ್ಕೆ ನಡೆದು ಬಸ್ಸು ಹಿಡಿದು ಬೀದರಕ್ಕೆ ಹೋದಳು. ವಕೀಲರ ಪಡಸಾಲೆಯಲ್ಲಿ ಅರ್ಜಿ ಹಿಡಿದವರು, ಗಾಂಧಿ ಗಂಜ ಪೇಟೆಯ ಅಡತಿ ಅಂಗಡಿಯವರು ಸಾಲಾಗಿ ಕೂತಿದ್ದರು. ಅವರನ್ನೆಲ್ಲ ದಾಟಿ ಅವಳು ನೇರ ಅಡಿಗೆಮನೆಗೆ ನಡೆದಳು.

"ಯಾರ್ರಿ ನೀವು?" ಎಂದು ವಕೀಲರ ಹೆಂಡತಿ ಲಲಿತಾಬಾಯಿ ಗಾಬರಿಯಾದಳು.

"ನಿನ್ನ ಅತ್ತಿ. ತೊಗರಿ ಬ್ಯಾಳಿ ಹಸನ ಮಾಡಿಯೇನು? ಹರಳು ಬಾಳ ಅವ, ತಾ ಇಲ್ಲಿ."

ಊಟಕ್ಕೆ ಬಂದ ವಕೀಲರು ಬಾಗಿಲಲ್ಲೇ ನಿಂತರು. "ಆಯಿ, ಪೂಲಿನ ಸಲುವಾಗಿ ಬಂದೀರೇನು?"

"ಪೂಲಿಗಿ ಬಂದಾಕಿ ಪಡಸಾಲ್ಯಾಗ ಕೂಡ್ತಿದ್ದೆ. ನಾ ಸೊಸಿನ ನೋಡಾಕ ಬಂದೀನಿ. ಉಣ್ಣು ಬಾ." ಮೊದಲ ತುತ್ತು ಎತ್ತುವಾಗ ಕೇಳಿದಳು, "ಹಳ್ಳದ ಮಾತು ಎಲ್ಲೀತನಕ ಬಂತು ಮಗಾ?"

ಪ್ರತಿ ಊಟಕ್ಕೂ ಅದೊಂದೇ ಮಾತು. ದನಿ ಏರಿಸಲಿಲ್ಲ, ಬೇಡಲಿಲ್ಲ. ಬಂದವರಿಗೆಲ್ಲ, "ನನ್ನ ಮಗ ಪೂಲ್ ಕಟ್ಟಸ್ತಾನ," ಎಂದು ಹೇಳಿ ಚಹಾ ಕೊಟ್ಟಳು. ಅಡತಿಯವರು ಬಾಯಿ ಮುಚ್ಚಿಕೊಂಡು ನಕ್ಕರು. ಕಡೆಗೆ ವಕೀಲರು, "ಕಾಗದ ಹೈದರಾಬಾದಿನಾಗ ನಿಂತದ ಆಯಿ," ಎಂದಾಗ, "ನಡಿ, ನಾನೂ ಹೈದರಾಬಾದ ನೋಡಿಲ್ಲ," ಎಂದು ಗಂಟು ಕಟ್ಟಿದಳು. ಅದೇ ವಾರ ಸಿದ್ದನವಾಡಿಗೆ ಇಂಜಿನಿಯರ್ ಬಂದ. ಸರಪಳಿ ಹಿಡಿದು ಹಳ್ಳ ಅಳೆದ, ಮಜ್ಜಿಗೆ ಕುಡಿದ, ಹೋದ.

ಗುಂಡಮ್ಮ ಹೊರಟಾಗ ಲಲಿತಾಬಾಯಿ ಬಸ್ಸಿನ ತನಕ ಬಂದಳು. "ದೀಪಾವಳಿಗಿ ಬರ್ರಿ ಅತ್ತಿ," ಎಂದಳು. ಅವಳಿಗೆ ಸ್ವಂತ ಅತ್ತೆ ಇರಲಿಲ್ಲ; ಈ ಅತ್ತೆಯ ಕಾಟ ಅವಳಿಗೆ ಹಿಡಿಸಿತ್ತು. ಆಮೇಲೆ ವರ್ಷಾ ವರ್ಷ ದೀಪಾವಳಿಗೆ ಗುಂಡಮ್ಮ ಬೀದರಕ್ಕೆ ಹೋದಳು. ತವರಿಗೆ ಹೋಗಿ ಬಂದವಳ ಹಾಗೆ ಮುಖ ತುಂಬಿಕೊಂಡು ತಿರುಗಿ ಬರುತ್ತಿದ್ದಳು. ಪೂಲು ಮಾತ್ರ ಬರಲಿಲ್ಲ.

* * *

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎರೆಮಣ್ಣಿನ ಹಾದಿಯಲ್ಲಿ ಮೂವರು ಕಂಡರು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತ ವೈಜಿನಾಥ, ಹಿಂದೆ ಸೀರೆ ಎತ್ತಿ ಹಿಡಿದ ಲಲಿತಾಬಾಯಿ, ಅವಳ ಹಿಂದೆ ಬೂಟು ಕೈಯಲ್ಲಿ ಹಿಡಿದ ಮನ್ಮಥಪ್ಪ ವಕೀಲರು. ಜೀಪು ಎರೆಯಲ್ಲಿ ಹುಗಿದು ನಿಂತಿತ್ತಂತೆ.

"ಬಂದಾರ ನೋಡು!" ಎಂದಳು ಅಕ್ತರಬೀ.

"ಈ ಕಾಕು ಇರಲಿಲ್ಲಂದ್ರ ಇವ್ರು ಬರ್ತಿದ್ದಿಲ್ಲ," ಎಂದು ವೈಜಿನಾಥ ಲಲಿತಾಬಾಯಿಯ ಕಡೆ ಕಣ್ಣು ತೋರಿಸಿ ಅಪ್ಪನಿಗೆ ಮೆಲ್ಲಗೆ ಹೇಳಿದ. "ಸಾಹೇಬ್ರು ಸಭಾ ಮುಗಸಿ ಬರ್ತೇನಿ ಅಂದ್ರು. ಈಕಿ ಸಭಾದಾಗೇ ಎದ್ದು ನಿಂತು, 'ನಮ್ಮತ್ತಿ ಸತ್ತಾರ, ನಾ ಹೊಂಟೆ' ಅಂದ್ಲು."

ಲಲಿತಾಬಾಯಿ ಒಳಗೆ ಹೋಗಿ ಗುಂಡಮ್ಮನ ಮೊಣಕಾಲ ಮೇಲೆ ಹಣೆ ಇಟ್ಟು ಅತ್ತಳು. ವಕೀಲರು ಅಂಗಳದಲ್ಲಿ ನಿಂತರು. ಯಾರೂ ಕಂಬಳಿ ಹಾಸಲಿಲ್ಲ.

"ಮಗ ಬಂದ, ಪೂಲ್ ಬರ್ಲಿಲ್ಲ," ಎಂದ ಮಡೆಪ್ಪ, ಮೋಡ ನೋಡುತ್ತ.

"ಕಾಗದ ಹೈದರಾಬಾದಿನಾಗ ಮುಂದ ಸರದಿತ್ತು ಮಡೆಪ್ಪ. ಈಗ ಬೀದರ ಹೈದರಾಬಾದ ಬಿಟ್ಟು ಮೈಸೂರ ರಾಜ್ಯಕ್ಕ ಕೂಡಲತ್ತದ. ಇನ್ನ ಆ ಕಾಗದ ಮೈಸೂರಿಗಿ ಹೋಗಬೇಕು."

"ನಮ್ಮ ಹಳ್ಳಾ ಮೈಸೂರಿಗಿ ಹೋಗಂಗಿಲ್ರಿ ಸಾಹೇಬ್ರ. ಇಲ್ಲೇ ಹರೀತದ."

ನೆರೆದವರಲ್ಲಿ ನಗೆ ಎದ್ದಿತು. ಹೆಣದ ಮನೆಯೆಂದು ನೆನಪಾಗಿ ಅಡಗಿತು. ವಕೀಲರು ಹಳ್ಳದ ತನಕ ಹೋಗಿ ನೋಡಿ ಬಂದರು. ದನಿ ತಗ್ಗಿಸಿ, "ಈ ಕಡಿಯೇ ಮಣ್ಣು ಮಾಡಿದ್ರ ಹ್ಯಾಂಗ? ಚಲೋ ಗದ್ದುಗಿ ಕಟ್ಟಸ್ತೇನಿ, ಕಲ್ಲಿಂದು," ಎಂದರು.

ಅಕ್ತರಬೀ ಎದ್ದು ಬಂದು ಅವರ ಎದುರು ನಿಂತಳು. "ಮೆಂಬರ್ ಹಿಂಗ ಅನ್ನಬಹುದಪಾ. ಮಗ ಅನ್ನಂಗಿಲ್ಲ. ನೀ ಯಾವಾಂವ ಅನ್ನೂದು ಈಗ ಹೇಳಿಬಿಡು. ಮಗ ಅಲ್ಲಂದ್ರ ಹೋಗು, ಇವ್ರು ಎತ್ತತಾರ. ಬರೂ ಇಲೆಕ್ಷನ್ನಿಗಿ ಮಾತ್ರ ಈ ಊರಾಗ ಮಗ ಅನಬ್ಯಾಡ."

ವಕೀಲರು ಹೆಂಡತಿಯನ್ನು ನೋಡಿದರು. ಲಲಿತಾಬಾಯಿ ಹೊಸ್ತಿಲಲ್ಲಿ ನಿಂತಿದ್ದಳು. ಕೈ ಚಾಚಿದಳು. ಅವರು ಕೋಟು ಬಿಚ್ಚಿ ಆ ಕೈಗೆ ಕೊಟ್ಟರು.

"ಧೋತರ ಮ್ಯಾಲ ಕಟ್ರಿ ಸಾಹೇಬ್ರ," ಎಂದ ಮಡೆಪ್ಪ. "ನೀವು ಮುಂದಿನ ಬಲಗಡಿ ಹಿಡೀರಿ. ಮಗನ ಜಾಗಾ ಅದೇ."

ಬಿದಿರಿನ ವಿಮಾನದಲ್ಲಿ ಗುಂಡಮ್ಮನನ್ನು ಕೂಡಿಸಿ, ಸೀರೆಯಿಂದ ಕಟ್ಟಿ, ಕೊರಳ ತುಂಬ ಚೆಂಡುಹೂವು ಹಾಕಿದರು. ಭಜನೆಯವರು ಮುಂದೆ ನಡೆದರು. ಹೆಂಗಸರು ದಂಡೆಯ ಮೇಲೆ ನಿಂತರು. ವಿಮಾನ ಹೊತ್ತ ನಾಲ್ಕು ಮಂದಿ ನೀರಿಗಿಳಿದರು, ಉಳಿದ ಗಂಡಸರು ಹಿಂದೆ ಇಳಿದರು. ನೀರು ಆಗಲೇ ಮೊದಲಿಗಿಂತ ಕೆಂಪಾಗಿತ್ತು.

ನಡುಹಳ್ಳದಲ್ಲಿ ವಕೀಲರ ಕಾಲು ಗುಂಡಿಗೆ ಬಿತ್ತು. ವಿಮಾನ ಒಂದು ಕಡೆ ವಾಲಿತು. ಗುಂಡಮ್ಮನ ತಲೆ ಬಾಗಿ ಅವರ ಕಿವಿಯ ಹತ್ತಿರ ಬಂತು.

"ಬಿಡಬ್ಯಾಡ್ರಿ!" ದಂಡೆಯಿಂದ ಲಲಿತಾಬಾಯಿ ಕೂಗಿದಳು.

"ಬಿಟ್ಟಿಲ್ಲ, ಬಿಟ್ಟಿಲ್ಲ," ಎಂದು ವಕೀಲರು ಎರಡೂ ಕೈಯಿಂದ ಬಿದಿರು ಅಪ್ಪಿ ಹಿಡಿದರು. ಎದೆಮಟ್ಟ ನೀರಲ್ಲಿ ಕಾಲಿನಿಂದ ನೆಲ ಹುಡುಕಿದರು. ಹಿಂದಿನಿಂದ ಮಡೆಪ್ಪ, "ಎಡಕ್ಕ ಬಂಡಿಗಲ್ಲ ಅದ... ಹಾಂ, ಅದರ ಮ್ಯಾಲ... ಏರಿ ಬರ್ರಿ," ಎಂದು ದಾರಿ ಹೇಳಿದ. ಮೊದಲ ಸಲ ಅವನು ಸಾಹೇಬ್ರ ಎನ್ನಲಿಲ್ಲ.

ಗಂಡನ ಗದ್ದುಗೆಯ ಮಗ್ಗುಲಲ್ಲಿ ಕುಣಿ ಸಿದ್ಧವಿತ್ತು. ಅಯ್ಯನವರು ಮಂತ್ರ ಹೇಳಿದರು. ವಿಭೂತಿ, ಪತ್ರಿ, ಉಪ್ಪು ಹಾಕಿ ಗುಂಡಮ್ಮನನ್ನು ಕೂಡಿಸಿದರು. ಮೊದಲ ಹಿಡಿ ಮಣ್ಣು ವಕೀಲರು ಹಾಕಿದರು. ಅವರ ಹೆಗಲ ಚರ್ಮ ಸುಲಿದಿತ್ತು. ಮಡೆಪ್ಪ ಕುಣಿಯೊಳಗೆ ಬಗ್ಗಿ ನೋಡಿ, "ಅಣ್ಣನ ಮಗ್ಗಲಿಗಿ ಬಂದಿ ನೋಡು ವೈನಿ," ಎಂದ. ಆಮೇಲೆ ಅವನ ಮುಖ ಸಡಿಲಾಯಿತು.

ಎಲ್ಲ ಮುಗಿಸಿ ದಂಡೆಗೆ ಬಂದಾಗ ಹಳ್ಳ ಮೊರೆಯುತ್ತಿತ್ತು. ಮೇಲೆ ಎಲ್ಲೋ ಮಳೆ ಸುರಿದಿತ್ತು. ಊರ ಕಡೆಯ ದಂಡೆಯಿಂದ ಹೆಂಗಸರು ಏನೋ ಕೂಗಿದರು, ಕೇಳಿಸಲಿಲ್ಲ. ಊರವರಿಗೆ ಇದು ಹೊಸದಲ್ಲ. ಹೊಲದ ಗುಡಿಸಲಿನ ಮರೆಗೆ ಕೂತು ಬೀಡಿ ಹಚ್ಚಿದರು. ಗುಂಡಮ್ಮ ಇಂಜಿನಿಯರಿಗೆ ಮಜ್ಜಿಗೆ ಬದಲು ಬೇವಿನ ಕಷಾಯ ಕುಡಿಸಬೇಕಿತ್ತು ಎಂದು ಒಬ್ಬ ಅಂದ. ಎಲ್ಲರೂ ಹೊಟ್ಟೆ ತುಂಬ ನಕ್ಕರು.

"ಯಾವಾಗ ಇಳೀತದ ಮಡೆಪ್ಪ?" ವಕೀಲರು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕೇಳಿದರು. "ನನಗ ಸಂಜಿಗಿ ಬೀದರಕ್ಕ ಹೋಗೂದಿತ್ತು."

"ಒಂದು ಅರ್ಜಿ ಕೊಟ್ಟು ನೋಡ್ರಿ ಹಳ್ಳಕ್ಕ," ಎಂದ ಮಡೆಪ್ಪ. ನಗುತ್ತಲೇ ತನ್ನ ಕಂಬಳಿ ತೆಗೆದು ಅವರ ಮೇಲೆ ಹೊದಿಸಿದ. ಬೇಲಿಯಿಂದ ಒಂದು ಹಿಡಿ ತೊಗರಿ ಕಟ್ಟಿಗೆ ಕಿತ್ತು ಕೈಗೆ ಕೊಟ್ಟ. "ನೀರಿನ ಅಂಚಿಗಿ ಒಂದು ಕಡ್ಡಿ ಊರ್ರಿ. ಕಡ್ಡಿ ಮುಣಗಿತಂದ್ರ ಏರಲತ್ತದ. ಕಡ್ಡಿಗಿ ನೀರು ಬಿಟ್ಟು ಹೋಯ್ತಂದ್ರ ಇಳೀಲತ್ತದ. ಮತ್ತೇನಿಲ್ಲ, ನೋಡಕೋತ ಕೂಡೂದು."

ಮೆಂಬರರು ಕುಕ್ಕರಗಾಲಲ್ಲಿ ಕೂತು ನೀರಿನ ಅಂಚಿಗೆ ಕಡ್ಡಿ ಊರಿದರು. ಕೆಂಪು ನೀರು ಬಂದು ಅದನ್ನು ಕಿತ್ತು ಒಯ್ದಿತು. ಒಂದು ಗೇಣು ಹಿಂದೆ ಸರಿದು, ಇನ್ನೊಂದು ಊರಿದರು.